ಕಣ್ಣು ಮುಚ್ಚಿ ಕೇಳಿದ ಆಂಪ್ಲಿಫೈಯರ್

ಕೂಕಟ್‌ಪಲ್ಲಿಯಲ್ಲಿ ಫ್ಲಾಟ್ ಹಿಡಿದಿರುವ ನಮ್ಮವರು ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಕೊಳ್ಳುವ ವಸ್ತುಗಳಲ್ಲಿ ಒಳ್ಳೆಯ ಆಂಪ್ಲಿಫೈಯರ್ ಕೂಡ ಒಂದು. ಕೊಳ್ಳುವ ಮುಂಚೆ ಅದರ ವಿಮರ್ಶೆ ಓದುತ್ತಾರೆ. ಕವನ ಸಂಕಲನದ ವಿಮರ್ಶೆಯನ್ನು ಇಷ್ಟು ಶ್ರದ್ಧೆಯಿಂದ ಓದುವವರನ್ನು ನಾನಂತೂ ಕಂಡಿಲ್ಲ. ಒಂದು ಪೆಟ್ಟಿಗೆಯ ದನಿ ‘ಬೆಚ್ಚಗಿದೆ’, ಇನ್ನೊಂದರದು ‘ಒಣಕಲು’, ಮೂರನೆಯದನ್ನು ಹಚ್ಚಿದಾಗ ‘ಪರದೆ ಸರಿದಂತಾಯಿತು’. ಈ ಪರದೆ ಪ್ರತಿ ಹೊಸ ಮಾಡೆಲ್ ಬಂದಾಗಲೂ ಸರಿಯುತ್ತದೆ. ಹಾಗಾದರೆ ಹೋದ ವರ್ಷ ಸರಿದದ್ದು ಏನು?

ಉಪಮೆಯ ಮೇಲೆ ನನ್ನ ತಕರಾರಿಲ್ಲ. ದನಿಯ ಬಗ್ಗೆ ಮಾತಾಡಲು ಅದಿಲ್ಲದೆ ಗತಿಯಿಲ್ಲ. ತಕರಾರು ಇರುವುದು ಯಾರ ಗುಣವನ್ನು ಯಾರ ಲೆಕ್ಕಕ್ಕೆ ಬರೆಯುತ್ತಿದ್ದಾರೆ ಎಂಬಲ್ಲಿ. ಗಂಗೂಬಾಯಿ ಹಾನಗಲ್ಲರ ದನಿಯ ಭಾರ ಅವರ ಗಂಟಲಿನದು. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಿಕೆಯಲ್ಲಿ ತಂಬೂರಿ ಹಿಂದೆ ಸರಿದಿದ್ದರೆ ಅದು ಮೈಕ್ ಇಟ್ಟವರ ಕೆಲಸ. ಆಂಪ್ಲಿಫೈಯರ್ ಮಾಡಬೇಕಾದದ್ದು ಇಷ್ಟೇ: ಬಂದ ಸಣ್ಣ ಸಂಕೇತವನ್ನು ಏನೂ ಕೂಡಿಸದೆ, ಕಳೆಯದೆ, ಸ್ಪೀಕರ್ ಅಲುಗಾಡಿಸುವಷ್ಟು ದೊಡ್ಡದು ಮಾಡುವುದು.

ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಕಿವಿಗೆ ಆಗುವ ಮೊದಲ ಮೋಸ ವಾಲ್ಯೂಮಿನದು. ಒಂದು ಅರ್ಧ ಡೆಸಿಬೆಲ್ ಹೆಚ್ಚಿದ್ದರೆ ಅದನ್ನು ‘ಜೋರು’ ಅನ್ನದೆ ‘ಸ್ಪಷ್ಟ’ ಅಂದುಬಿಡುತ್ತೇವೆ. ಹಾಗಾಗಿ ಎರಡೂ 0.1 ಡೆಸಿಬೆಲ್ ಅಂತರದೊಳಗೆ ಇರಬೇಕು. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಿಗುವ ಮಲ್ಟಿಮೀಟರ್ ಇದಕ್ಕೆ ಸಾಕು. 100 ಹರ್ಟ್ಸ್‌ನ ಒಂದೇ ಸ್ವರ ನುಡಿಸಿ ಸ್ಪೀಕರ್ ತುದಿಗಳಲ್ಲಿ ಅಳೆದಾಗ ಒಂದರಲ್ಲಿ 2 ವೋಲ್ಟ್ ಇದ್ದರೆ ಇನ್ನೊಂದರಲ್ಲಿ 2.02 ದಾಟಬಾರದು. ಆಮೇಲೆ ಯಾವುದು ನುಡಿಯುತ್ತಿದೆ ಎಂದು ತಿಳಿಯದಂತೆ ಬೇರೆಯವರಿಂದ ಬದಲಾಯಿಸಿಸಿ ಹತ್ತು ಸಲ ಕೇಳಬೇಕು. ಏಳು ಸರಿ ಹೇಳಿದವರು ಬೀಗುವಂತಿಲ್ಲ. ನಾಣ್ಯ ಚಿಮ್ಮಿ ಉತ್ತರಿಸಿದರೂ ನೂರಕ್ಕೆ ಹದಿನೇಳು ಸಲ ಏಳೋ ಅದಕ್ಕಿಂತ ಹೆಚ್ಚೋ ಸರಿಯಾಗುತ್ತವೆ. ಒಂಬತ್ತು ಸರಿಯಾದರೆ ನಾನು ನೆಟ್ಟಗೆ ಕೂರುತ್ತೇನೆ.

ಬಾಬ್ ಕಾರ್ವರ್ ಎಂಬ ಅಮೆರಿಕದ ಆಂಪ್ಲಿಫೈಯರ್ ತಯಾರಕ 1985ರಲ್ಲಿ ‘ಸ್ಟೀರಿಯೊಫೈಲ್’ ಪತ್ರಿಕೆಯ ವಿಮರ್ಶಕರಿಗೆ ಸವಾಲು ಹಾಕಿ, ಅವರು ಆರಿಸಿಕೊಟ್ಟ ದುಬಾರಿ ಪೆಟ್ಟಿಗೆಯಂತೆಯೇ ತನ್ನ ಅಗ್ಗದ ಪೆಟ್ಟಿಗೆ ನುಡಿಯುವ ಹಾಗೆ ತಿದ್ದಿದ. ಎರಡರ ಸಂಕೇತಗಳನ್ನು ಒಂದರಿಂದೊಂದು ಕಳೆದು, ಉಳಿದ ವ್ಯತ್ಯಾಸ ಅಡಗುವ ತನಕ ಒಳಗಿನ ಸರ್ಕ್ಯೂಟ್ ಬದಲಿಸುತ್ತ ಹೋದ. ಕೊನೆಗೆ ವಿಮರ್ಶಕರಿಗೆ ಎರಡನ್ನೂ ಬೇರ್ಪಡಿಸಲಾಗಲಿಲ್ಲ. ಹಾಗೆಂದು ಅವರೇ ಬರೆದರು. ಅದು ಅವರ ದೊಡ್ಡತನ.

ಇದರಿಂದ ಎಲ್ಲ ಆಂಪ್ಲಿಫೈಯರುಗಳೂ ಒಂದೇ ಎಂದು ಹೊರಡುವ ಅಂಕಿಪ್ರಿಯರೂ ಇದ್ದಾರೆ. ಅವರು ಹೇಳುವುದೂ ಪೂರ್ತಿ ನಿಜವಲ್ಲ. ಕೆಲವು ಟ್ಯೂಬ್ ಆಂಪ್ಲಿಫೈಯರುಗಳ ದನಿ ಸ್ಪೀಕರಿಗೆ ತಕ್ಕಂತೆ ನಿಜಕ್ಕೂ ಬದಲಾಗುತ್ತದೆ. ಶಕ್ತಿ ಸಾಲದೆ ತಾನ ಒಡೆಯುವುದು, ಹಾಡಿನ ನಡುವಿನ ಮೌನದಲ್ಲಿ ಹಿಸ್ಸೆನ್ನುವುದು ಯಾರ ಕಿವಿಗೂ ಬೀಳುತ್ತವೆ. ಆದರೆ 50 ವಾಟ್ ಬಿಟ್ಟು 100 ವಾಟ್ ಕೊಂಡರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕೇಳುವವರಿಗೆ ದನಿ ಇಮ್ಮಡಿ ಅನ್ನಿಸಲು ಹೆಚ್ಚುಕಡಿಮೆ ಹತ್ತು ಪಟ್ಟು ಶಕ್ತಿ ಬೇಕು.

ನನಗೆ ಸಿಟ್ಟು ಬರುವುದು ಈ ವಿಮರ್ಶೆಗಳ ಕಡೆಯ ಅಸ್ತ್ರದ ಮೇಲೆ. ವ್ಯತ್ಯಾಸ ಕೇಳಿಸದಿದ್ದರೆ ನಿಮ್ಮ ಕಿವಿ ಇನ್ನೂ ಪಳಗಿಲ್ಲ ಅನ್ನುತ್ತಾರೆ. (ಕಾವ್ಯದ ಓದುಗರಿಗೆ ಈ ಬೆದರಿಕೆ ಹೊಸದಲ್ಲ.) ಮೊದಲ ಕೆಲಸದಲ್ಲಿರುವ ಹುಡುಗ ಹುಡುಗಿಯರು ಎರಡು ತಿಂಗಳ ಸಂಬಳ ಸುರಿದು, ಕೇಳಿಸದ್ದನ್ನು ಕೇಳಿಸಿತೆಂದು ಹೇಳುವುದು ಈ ಅಳುಕಿನಿಂದಲೇ.

ಅಷ್ಟಕ್ಕೂ ನಮ್ಮ ಫ್ಲಾಟುಗಳಲ್ಲಿ ದನಿ ಕೆಡುವುದು ಹೆಚ್ಚಾಗಿ ಕೋಣೆಯಿಂದ. ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ, ಎಲ್ಲವೂ ದನಿಯನ್ನು ಎಸೆದಾಡುತ್ತವೆ. ದಪ್ಪ ಪರದೆ, ನೆಲಕ್ಕೊಂದು ದಪ್ಪ ಕಾರ್ಪೆಟ್, ತುಂಬಿದ ಪುಸ್ತಕದ ಕಪಾಟು ತಾರದ ಕಿರಿಕಿರಿಯನ್ನು ಎಷ್ಟೋ ತಗ್ಗಿಸುತ್ತವೆ. ಮಂದ್ರದ ಗುಂಯ್‌ಗುಡುವಿಕೆ ಮಾತ್ರ ಇವಕ್ಕೆಲ್ಲ ಬಗ್ಗದು. ಸ್ಪೀಕರುಗಳನ್ನು ಮೂಲೆಯಿಂದ ಎರಡಡಿ ಈಚೆಗೆ ಎಳೆದು ನೋಡಿ. ಅದಕ್ಕೆ ಖರ್ಚೂ ಇಲ್ಲ.