‘ಆರವ್’ ಎಂಬ ಹೆಸರಿನ ಅರ್ಥ

ಅಕ್ಕನ ಮಗುವಿಗೆ ಒಂಬತ್ತು ದಿನವಾಗಿದ್ದಾಗ ಅವಳಿಂದ ಫೋನ್ ಬಂತು. ಹನ್ನೊಂದನೆಯ ದಿನ ನಾಮಕರಣ. ಮಗುವಿನದು ಕೃತ್ತಿಕಾ ನಕ್ಷತ್ರದ ಮೊದಲ ಪಾದ, ಹಾಗಾಗಿ ಹೆಸರು ಅಕಾರದಿಂದ ಶುರುವಾಗಬೇಕು. “ಆರವ್ ಅಂತ ಇಡೋಣ ಅಂತಿದೀವಿ ಕಣೇ. ಸಂಸ್ಕೃತದಲ್ಲಿ ಶಾಂತಿ ಅಂತ ಅರ್ಥವಂತೆ. ನೀನು ಪಿಎಚ್‌ಡಿ ಮಾಡ್ತಿದೀಯಲ್ಲ, ಒಂದ್ಸಲ ನೋಡಿ ಹೇಳು” ಎಂದಳು.

ಸಂಶೋಧನೆಯಿಂದ ಮನೆಯವರಿಗೆ ಏನುಪಯೋಗ ಎಂಬ ಪ್ರಶ್ನೆಗೆ ಕೊನೆಗೂ ಒಂದು ಉತ್ತರ ಸಿಕ್ಕಿತು ಎನಿಸಿತು. ಪತಂಜಲಿ ಕೂಡ ಇದನ್ನೇ ಹೇಳಿದ್ದಾನೆ. ವ್ಯಾಕರಣವನ್ನು ಯಾಕೆ ಓದಬೇಕು ಎಂದು ಮಹಾಭಾಷ್ಯದ ಆರಂಭದಲ್ಲಿ ಕಾರಣಗಳನ್ನು ಪಟ್ಟಿ ಮಾಡುವಾಗ, ಹುಟ್ಟಿದ ಮಗುವಿಗೆ ಸರಿಯಾದ ಹೆಸರಿಡಲು ಎಂಬುದನ್ನೂ ಸೇರಿಸುತ್ತಾನೆ. ಹೆಸರಿನಲ್ಲಿ ಎರಡು ಅಥವಾ ನಾಲ್ಕು ಅಕ್ಷರಗಳಿರಬೇಕು, ಅದು ಕೃದಂತವಾಗಿರಬೇಕು, ತದ್ಧಿತಾಂತವಾಗಿರಬಾರದು. ವ್ಯಾಕರಣ ಗೊತ್ತಿಲ್ಲದವನಿಗೆ ಇದೆಲ್ಲ ತಿಳಿಯುವುದು ಹೇಗೆ ಎಂಬುದು ಅವನ ವಾದ.

ನಿಘಂಟು ತೆರೆದೆ. ಆರವ ಎಂದರೆ ಕೂಗು, ಅರಚು, ಸದ್ದು. 1899ರ ಮೋನಿಯರ್ ವಿಲಿಯಮ್ಸ್ ನಿಘಂಟಿನಲ್ಲಿ ಊಳಿಡುವುದು ಎಂಬ ಅರ್ಥವೂ ಇದೆ. ಅಮರಕೋಶದಲ್ಲಿ ಶಬ್ದಕ್ಕೆ ಕೊಟ್ಟ ಪರ್ಯಾಯಗಳ ನಡುವೆ ನಾದ, ಧ್ವನಿ, ರವಗಳ ಜೊತೆಗೆ ಆರವವೂ ಕೂತಿದೆ. ಇದರ ಧಾತು ‘ರು’, ಸದ್ದು ಮಾಡು ಎಂದು ಅದರ ಅರ್ಥ. ಪಾಣಿನಿಯಂತೂ ಈ ಪದಕ್ಕೆ ಬೇಕಾಗುವ ಸೂತ್ರವನ್ನೇ ಬರೆದಿದ್ದಾನೆ: ‘ಆ’ ಉಪಸರ್ಗದೊಂದಿಗೆ ‘ರು’ ಧಾತು ಬಂದಾಗ ಪ್ರತ್ಯಯ ವಿಕಲ್ಪವಾಗುತ್ತದೆ, ಹಾಗಾಗಿ ಆರಾವ ಎಂದೂ ಹೇಳಬಹುದು, ಆರವ ಎಂದೂ ಹೇಳಬಹುದು. ಎರಡರಲ್ಲಿ ಯಾವುದನ್ನು ಹೇಳಿದರೂ ಸದ್ದು ಸದ್ದೇ.

ಹಾಗಾದರೆ ‘ಶಾಂತಿ’ ಎಲ್ಲಿಂದ ಬಂತು? ಯಾರೋ ಇದನ್ನು ‘ಅ’ ಮತ್ತು ‘ರವ’ ಎಂದು ಒಡೆದು, ರವವಿಲ್ಲದ್ದು ಎಂದು ಓದಿರಬೇಕು ಎಂಬುದು ನನ್ನ ಊಹೆ. ಆದರೆ ನಿಷೇಧಾರ್ಥದ ಅಕಾರ ಹ್ರಸ್ವ, ಈ ಹೆಸರಿನದು ದೀರ್ಘ. ಇಂಗ್ಲಿಷ್ ಲಿಪಿಯಲ್ಲಿ ಆ ಭೇದ ಮಸುಕಾಗುತ್ತದೆ. ಕನ್ನಡದಲ್ಲಿ ಬರೆದ ಕೂಡಲೇ ಅಕ್ಷರವೇ ಬೇರೆ. ಹ್ರಸ್ವವಾಗಿ ‘ಅರವ’ ಎಂದು ಬರೆದರೆ ಇನ್ನೊಂದು ತೊಡಕು: ತೆಲುಗಿನವರಿಗೆ ಅರವ ಎಂದರೆ ತಮಿಳು. ಸದ್ದಿಲ್ಲದ್ದು ಎಂಬುದಕ್ಕೆ ಸಂಸ್ಕೃತದಲ್ಲಿ ಸೊಗಸಾದ ಪದ ಬೇರೆಯೇ ಇದೆ, ನೀರವ. ‘ನೀರವ ಮೌನ’ ಎಂದು ನಾವು ಕನ್ನಡದಲ್ಲಿ ದಿನವೂ ಬರೆಯುತ್ತೇವೆ. ಶಾಂತಿಯೇ ಬೇಕಿದ್ದವರಿಗೆ ಅದು ಕೈಗೆಟುಕುವಲ್ಲೇ ಇತ್ತು.

‘ರು’ ಧಾತುವಿನ ಬಳಗದಲ್ಲಿ ಇನ್ನೊಬ್ಬ ಪ್ರಸಿದ್ಧನಿದ್ದಾನೆ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ದಶಗ್ರೀವ ಕೈಲಾಸವನ್ನು ಎತ್ತಲು ಹೋಗುತ್ತಾನೆ. ಶಿವ ಕಾಲ್ಬೆರಳಿನಿಂದ ಒತ್ತಿದಾಗ ಬೆಟ್ಟದಡಿ ಅವನ ತೋಳುಗಳು ಸಿಕ್ಕಿಕೊಳ್ಳುತ್ತವೆ. ನೋವಿಗೆ ಅವನು ಮೂರು ಲೋಕವೂ ನಡುಗುವಂತೆ ಕೂಗುತ್ತಾನೆ. ಆ ಕೂಗಿನಿಂದಲೇ ಶಿವ ಅವನನ್ನು ರಾವಣ ಎಂದು ಕರೆಯುತ್ತಾನೆ. ಆರವನೂ ರಾವಣನೂ ಒಂದೇ ಧಾತುವಿನ ಮಕ್ಕಳು. ಬಾಣಂತಿಗೆ ಇದನ್ನು ಫೋನಿನಲ್ಲಿ ಹೇಳುವುದು ಹೇಗೆ?

ಹಿಂದಿ ನಟ ಅಕ್ಷಯ್ ಕುಮಾರ್ 2002ರಲ್ಲಿ ಹುಟ್ಟಿದ ತಮ್ಮ ಮಗನಿಗೆ ಈ ಹೆಸರಿಟ್ಟರು. ಈಗ ಇದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೆ, ಅಮೆರಿಕದ ಕನ್ನಡಿಗರ ಮನೆಯಲ್ಲೂ ಇದೆ. ಸಿನಿಮಾ ಒಂದನ್ನೇ ಕಾರಣ ಮಾಡುವುದು ಸುಲಭ. ಆದರೆ ಹೆಸರನ್ನೇ ಒಂದು ಪಠ್ಯದಂತೆ ಓದಿದರೆ ಬೇರೆ ಕಾರಣಗಳೂ ಕಾಣುತ್ತವೆ. ಇದರಲ್ಲಿ ಮಹಾಪ್ರಾಣವಿಲ್ಲ, ಒತ್ತಕ್ಷರವಿಲ್ಲ, ಳಕಾರ ಣಕಾರಗಳಿಲ್ಲ. ಯಾವ ದೇಶದ ಟೀಚರಮ್ಮನ ನಾಲಿಗೆಗೂ ಇದು ತೊಡರುವುದಿಲ್ಲ. ದೇವರ ಹೆಸರಲ್ಲ, ಊರಿನ ಸುಳಿವಿಲ್ಲ, ಜಾತಿಯ ಗುರುತಿಲ್ಲ. ಇಂಗ್ಲಿಷ್ ಅಕ್ಷರಮಾಲೆಯ ಪಟ್ಟಿಯಲ್ಲಿ ಎರಡು ‘ಎ’ಗಳ ಬಲದಿಂದ ಮೊದಲ ಪುಟದಲ್ಲೇ ಸಿಗುತ್ತದೆ. ಹಳೆಯದೆಂಬ ಗೌರವವೂ ಹೊಸದೆಂಬ ಹೊಳಪೂ ಒಟ್ಟಿಗೆ ಬರುತ್ತವೆ. ಎಲ್ಲಿಗೂ ಸಲ್ಲುವ ಹೆಸರು, ಯಾವ ಊರಿನದೂ ಅಲ್ಲದ ಹೆಸರು.

ಕೊನೆಯ ಅಕಾರ ಬಿದ್ದುಹೋದದ್ದು ಹಿಂದಿಯ ಸಹವಾಸದಿಂದ. ಕನ್ನಡದ ರಾಮ, ಕೃಷ್ಣ, ಬಸವರು ಸ್ವರಾಂತರು. ರಾಮನಿಗೆ, ಬಸವನನ್ನು ಎಂದು ವಿಭಕ್ತಿ ತಾನಾಗಿ ಅಂಟುತ್ತದೆ. ಆರವ್ ಎಂದಾಗ ‘ಆರವ್‌ಗೆ’ ಎಂದು ಎಡವುತ್ತೇವೆ. ತಮಾಷೆಯೆಂದರೆ, ಮೂರಕ್ಷರದ ಆರವ ಪತಂಜಲಿಯ ಎರಡು ಅಥವಾ ನಾಲ್ಕರ ನಿಯಮಕ್ಕೆ ಹೊಂದುತ್ತಿರಲಿಲ್ಲ. ಹಿಂದಿಯವರು ಬಾಲ ಕತ್ತರಿಸಿದ ಮೇಲೆ ಉಚ್ಚಾರಣೆಯಲ್ಲಿ ಎರಡಕ್ಷರವಾಗಿ ಲೆಕ್ಕಕ್ಕೆ ಸರಿಹೋಗಿದೆ. ಕೃದಂತವಂತೂ ಹೌದೇ ಹೌದು.

ನನ್ನ ತಕರಾರು ಹೆಸರಿನ ಮೇಲಲ್ಲ, ಅದರ ಮುಂದೆ ಬರೆದ ಅರ್ಥದ ಮೇಲೆ. ಮಕ್ಕಳ ಹೆಸರಿನ ಪುಸ್ತಕಗಳದು ಒಂದು ಸಾಹಿತ್ಯ ಪ್ರಕಾರವೇ ಆಗಿದೆ: ಎಡಗಡೆ ಹೆಸರು, ಬಲಗಡೆ ಅರ್ಥ, ಪಕ್ಕದಲ್ಲಿ ‘ಸಂಸ್ಕೃತ’ ಎಂಬ ಮುದ್ರೆ. ಬಲಗಡೆ ನೋವು, ಕೂಗು, ಕತ್ತಲೆ, ಸಾಧಾರಣ ಎಂಬವು ಬರುವುದಿಲ್ಲ. ಬರುವವು ಶಾಂತಿ, ಬೆಳಕು, ಗೆಲುವು, ಅಪೂರ್ವ. ‘ಅನನ್ಯ’ ಎಂಬ ಹೆಸರನ್ನೇ ನೋಡಿ. ಭಗವದ್ಗೀತೆಯ ಭಕ್ತನ ಅನನ್ಯತೆ ಎಂದರೆ ಮನಸ್ಸು ಬೇರೆಲ್ಲಿಗೂ ಹೋಗದಿರುವುದು. ಹೆಸರಿನ ಪಟ್ಟಿಯಲ್ಲಿ ಅದು ‘ಇವಳಂಥವಳು ಬೇರೆ ಯಾರೂ ಇಲ್ಲ’ ಎಂದಾಗಿದೆ. ನಿನ್ನ ಬಿಟ್ಟರೆ ನನಗೆ ಬೇರೆ ಇಲ್ಲ ಎಂಬ ಶರಣಾಗತಿಯ ಮಾತು ನನಗೆ ಸಮನಾದವರು ಬೇರೆ ಇಲ್ಲ ಎಂದು ತಿರುಗಿದೆ. ಇಂಥ ತಪ್ಪುಗಳಲ್ಲಿ ನಮ್ಮ ಕಾಲದ ಆಸೆ ಅಡಗಿದೆ.

ಭಾಷೆ ಬದಲಾಗುವುದಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಂಸ್ಕೃತದಲ್ಲಿ ‘ಅವಸರ’ ಎಂದರೆ ಸಂದರ್ಭ, ಅವಕಾಶ. ಕನ್ನಡದಲ್ಲಿ ಅದು ಗಡಿಬಿಡಿ. ‘ಅನುಮಾನ’ ತರ್ಕಶಾಸ್ತ್ರದಿಂದ ಇಳಿದು ಬಂದು ಗಂಡಹೆಂಡಿರ ಜಗಳಕ್ಕೆ ಕಾರಣವಾಗಿದೆ. ಇವು ತಪ್ಪೆಂದು ಯಾರೂ ಹೇಳಲಾರರು. ಆದರೆ ಈ ಪದಗಳು ಬದಲಾದದ್ದು ಬಳಕೆಯಲ್ಲಿ, ತಲೆಮಾರುಗಳ ಮಾತಿನಲ್ಲಿ. ‘ಮನಸ್ಸಿಗೆ ಆರವ ಸಿಕ್ಕಿತು’ ಎಂದು ಇವತ್ತಿಗೂ ಯಾರೂ ಹೇಳುವುದಿಲ್ಲ. ಆರವಕ್ಕೆ ಶಾಂತಿ ಎಂಬ ಅರ್ಥ ಇರುವುದು ಪಟ್ಟಿಯ ಬಲಗಡೆ ಮಾತ್ರ. ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಅದು ನಕಲಾಗುತ್ತದೆ, ಯಾರ ಬಾಯಿಯ ಮಾತಿಗೂ ಇಳಿಯುವುದಿಲ್ಲ. ಇಲ್ಲಿ ಸಂಸ್ಕೃತ ಭಾಷೆಯಾಗಿ ಉಳಿದಿಲ್ಲ. ತುಪ್ಪದ ಡಬ್ಬಿಯ ಮೇಲಿನ ‘ಶುದ್ಧ’ ಎಂಬ ಚೀಟಿಯ ಕೆಲಸ ಮಾಡುತ್ತಿದೆ.

ನಮ್ಮ ವ್ಯಾಕರಣಕಾರರು ಇದಕ್ಕಿಂತ ಉದಾರಿಗಳು. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ನಾಮಗಳನ್ನು ರೂಢ, ಅನ್ವರ್ಥ, ಅಂಕಿತ ಎಂದು ಬೇರೆಬೇರೆಯಾಗಿ ಗುರುತಿಸುತ್ತಾನೆ. ಹೈಸ್ಕೂಲಿನಲ್ಲಿ ನಾವೆಲ್ಲ ಉರುಹೊಡೆದದ್ದೇ. ಅಂಕಿತನಾಮ ಗುರುತಿಗಾಗಿ ಇಟ್ಟದ್ದು, ಅದಕ್ಕೆ ಅರ್ಥ ಹೊಂದಲೇಬೇಕೆಂಬ ಹಂಗಿಲ್ಲ. ಅರ್ಥಕ್ಕೆ ತಕ್ಕಂತೆ ಬಂದದ್ದು ಅನ್ವರ್ಥನಾಮ, ಅದನ್ನು ಬದುಕಿ ಪಡೆಯಬೇಕು. ಈಗಿನ ನಾವು ಹತ್ತು ದಿನದ ಅಂಕಿತಕ್ಕೆ ಅನ್ವರ್ಥದ ಸರ್ಟಿಫಿಕೇಟು ಕೇಳುತ್ತಿದ್ದೇವೆ.

ಹಳೆಯ ಹೆಸರುಗಳ ಅರ್ಥ ಪುಸ್ತಕದಲ್ಲಿರಲಿಲ್ಲ, ಮನೆಯ ಕತೆಯಲ್ಲಿತ್ತು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎಂದರು. ಸಾವಿನ ಕಣ್ಣಿಗೆ ಬೀಳದಿರಲಿ ಎಂದು ಕಲ್ಲಪ್ಪ, ಗುಂಡ ಎಂದರು. ಇನ್ನು ಹೆಣ್ಣು ಬೇಡ ಎಂದು ಸಾಕಮ್ಮ ಎಂದವರೂ ಇದ್ದರು. ಅದರ ಕ್ರೌರ್ಯವನ್ನು ಹೊಗಳಲಾರೆ. ಆದರೆ ಆ ಹೆಸರುಗಳು ಸುಳ್ಳು ಹೇಳುತ್ತಿರಲಿಲ್ಲ. ಹೆತ್ತವರ ಭಯ, ಹರಕೆ, ಸಿಟ್ಟು ನೇರವಾಗಿ ಅವುಗಳಲ್ಲಿತ್ತು. ಕೆಟ್ಟ ಅರ್ಥದ ಹೆಸರಿಟ್ಟು ಮಗು ಬದುಕಲಿ ಎಂದು ಬೇಡಿದ ಜನರ ಮೊಮ್ಮಕ್ಕಳು ನಾವು. ಒಳ್ಳೆಯ ಅರ್ಥದ ಹೆಸರು ಸಿಗದಿದ್ದರೆ ಅರ್ಥವನ್ನೇ ತಿದ್ದಿಕೊಳ್ಳುತ್ತಿದ್ದೇವೆ.

ಇದನ್ನೆಲ್ಲ ಟಿಪ್ಪಣಿ ಮಾಡಿಕೊಂಡು ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ರಾವಣನ ವಿಷಯ ಬಿಟ್ಟೆ. “ಅಕ್ಕ, ಆರವ್ ಅಂದ್ರೆ ಶಾಂತಿ ಅಲ್ಲ. ಕೂಗು, ಅಳು ಅಂತ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

“ಇವ್ನು ಹುಟ್ಟಿದಾಗ ಅಳ್ಲೇ ಇಲ್ಲ ಕಣೇ. ಎತ್ಕೊಂಡು ಆಚೆ ಟೇಬಲ್ ಮೇಲೆ ಹಾಕಿ ಏನೇನೋ ಮಾಡ್ತಿದ್ರು. ಎಷ್ಟು ಹೊತ್ತಾಯ್ತೋ ಗೊತ್ತಿಲ್ಲ. ಆಮೇಲೆ ಕೂಗಿದ. ಕೂಗೇ ಆಗ್ಲಿ ಬಿಡು” ಎಂದಳು.

ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಭಾವ ಹೆಸರು ಬರೆದರು. ಕೊನೆಗೆ ‘ವ್’ ಎಂದು ಬರೆಯಲು ಹೊರಟವರನ್ನು ಅಕ್ಕ ತಡೆದು ‘ಆರವ’ ಎಂದೇ ಬರೆಸಿದಳು. ಅಕ್ಷರ ಎರಡೋ ಮೂರೋ ಎಂದು ಪತಂಜಲಿ ತಕರಾರು ತೆಗೆದರೆ ತೆಗೆಯಲಿ. ನಿಘಂಟಿನ ಅರ್ಥವೂ ಆ ಮನೆಯ ಕತೆಯೂ ಅಕ್ಕಿಯ ಮೇಲೆ ಒಂದಾಗಿದ್ದವು. ಅಂಕಿತನಾಮವನ್ನು ಅನ್ವರ್ಥ ಮಾಡುವ ಕೆಲಸವನ್ನು ಅವನು ಹುಟ್ಟಿದ ದಿನವೇ ಮುಗಿಸಿದ್ದ.