ಕೋವಿಯ ನಾಡಿನಲ್ಲಿ ಸ್ಟೆತಸ್ಕೋಪಿನವರು

ಕೊಡಗಿನ ಪೊನ್ನಂಪೇಟೆ, ಗೋಣಿಕೊಪ್ಪದ ಕಡೆ ನಿವೃತ್ತ ಸೇನಾ ವೈದ್ಯರೊಬ್ಬರು ತೀರಿಕೊಂಡರೆ ಮರುದಿನದ ಪತ್ರಿಕೆಯಲ್ಲಿ ಏನು ಬರುತ್ತದೆಂದು ಮೊದಲೇ ಹೇಳಿಬಿಡಬಹುದು. ಮನೆತನದ ಹೆಸರು, ಓದಿದ ಮೆಡಿಕಲ್ ಕಾಲೇಜು, ಕಮಿಷನ್ ಸಿಕ್ಕ ವರ್ಷ, ಯಾವ ಯಾವ ಯುದ್ಧಗಳಲ್ಲಿ ಇದ್ದರೆಂಬ ಒಂದು ಸಾಲು, ನಿವೃತ್ತಿಯ ಹೊತ್ತಿನ ರ‍್ಯಾಂಕು. ಆಮೇಲೆ ಕಾಫಿ ತೋಟ, ಹಾಕಿ, ಅಗಲಿದ ಬಂಧುಬಳಗ. ಯುದ್ಧದಲ್ಲಿ ಆ ಮನುಷ್ಯ ಮಾಡಿದ್ದೇನು ಎಂಬುದೊಂದು ಬಿಟ್ಟು ಮಿಕ್ಕೆಲ್ಲ ಇರುತ್ತದೆ. ಅಭಿನಂದನ ಗ್ರಂಥಗಳದ್ದೂ ಇದೇ ಹಾಡು. ಪುಟ ಜಾಸ್ತಿ, ಫೋಟೋ ಜಾಸ್ತಿ, ಅಷ್ಟೆ. ಅವುಗಳಲ್ಲಿ ಸೇನಾ ವೈದ್ಯನ ಜೀವನಚರಿತ್ರೆ ಎಂದರೆ ಪೋಸ್ಟಿಂಗ್ ಪಟ್ಟಿ.

ಕಾದಾಡುವ ಅಧಿಕಾರಿಗೆ ಈ ಗತಿಯಿಲ್ಲ. 2017ರ ನವೆಂಬರ್‌ನಲ್ಲಿ ಆಗಿನ ಭೂಸೇನಾ ಮುಖ್ಯಸ್ಥ ಬಿಪಿನ್ ರಾವತ್ ಗೋಣಿಕೊಪ್ಪದ ಕಾವೇರಿ ಕಾಲೇಜಿಗೆ ಬಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರ ಪ್ರತಿಮೆಗಳನ್ನೂ ಅನಾವರಣ ಮಾಡಿದರು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಂಗಳದಲ್ಲಿ ಯುದ್ಧ ಟ್ಯಾಂಕ್ ನಿಂತಿದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಮಡಿಕೇರಿಯ ವೃತ್ತದಲ್ಲಿದ್ದಾರೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋಗಿ ಮರಳದ ಆ ಪೈಲಟ್‌ಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅವರ ಕಥೆ ಎಲ್ಲರ ಬಾಯಲ್ಲೂ ಇದೆ. ಅವರ ತಂದೆ ಬೋಪಯ್ಯ ವೈದ್ಯರಾಗಿದ್ದರು. ಮಗನ ಪರಿಚಯ ಬರೆಯುವವರೆಲ್ಲ ತಂದೆಯ ಹೆಸರಿನ ಹಿಂದೆ ‘ಡಾ.’ ಎಂದು ಹಾಕಿ ಮುಂದಕ್ಕೆ ಹೋಗುತ್ತಾರೆ.

ಕಾರಣ ದೂರವೇನಿಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು ಗುಂಡು ಹಾರಿಸುವ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಹೂ ಸಿಕ್ಕಿಸಿ ಪೂಜಿಸುವ ನಾಡು ಇದು. ಪರಾಕ್ರಮದ ಕಥೆಗೆ ಎದುರಾಳಿ ಬೇಕು. ಸೇನಾ ವೈದ್ಯನಿಗೆ ಆ ಅನುಕೂಲವಿಲ್ಲ. ಜಿನೀವಾ ಒಪ್ಪಂದದ ಪ್ರಕಾರ ಅವನ ಆಯುಧ ತನ್ನ ಮತ್ತು ತನ್ನ ರೋಗಿಗಳ ರಕ್ಷಣೆಗಷ್ಟೇ. ಟೆಂಟಿಗೆ ತಂದ ಗಾಯಾಳು ಶತ್ರುವಾದರೂ ಗಾಯ ಎಷ್ಟು ತುರ್ತು ಎಂಬುದರ ಮೇಲೇ ಸರದಿ. ತಮ್ಮ ಕಡೆಯ ಹುಡುಗನನ್ನು ಕಾಯಿಸಿ ಆಚೆ ಕಡೆಯವನ ಹೊಟ್ಟೆಗೆ ಹೊಲಿಗೆ ಹಾಕಿದ್ದನ್ನು ಯಾವ ಸಮಾರಂಭದಲ್ಲಿ ಹೇಳುವುದು? ಹೇಳಿದರೂ ಚಪ್ಪಾಳೆ ಬೀಳುವುದು ಅನುಮಾನ.

ಹಾಗಂತ ಇಂಥ ಬದುಕಿನಲ್ಲಿ ಕಥೆಗೆ ಬರವಿದೆ ಎಂದರೆ ನಾನು ಒಪ್ಪುವುದಿಲ್ಲ. ನಮ್ಮ ಸೇನೆಯ ವೈದ್ಯಕೀಯ ತುಕಡಿ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ಕೊರಿಯಾ ಯುದ್ಧದಲ್ಲಿ ಮಾಡಿದ್ದನ್ನೇ ನೋಡಿ. 1950ರ ಡಿಸೆಂಬರ್‌ನಲ್ಲಿ ಚೀನೀ ಸೇನೆ ನುಗ್ಗಿ ಬರುತ್ತಿದ್ದಾಗ ಪ್ಯಾಂಗ್ಯಾಂಗ್ ಬಿಟ್ಟು ಹೊರಡಿ ಎಂಬ ಆದೇಶ ಬಂತು. ಉಪಕರಣ ಸಾಗಿಸಲು ಬೇಕಾದಷ್ಟು ವಾಹನಗಳಿಲ್ಲ. ಶಸ್ತ್ರಚಿಕಿತ್ಸೆಯ ಸಾಮಾನನ್ನು ಬಿಟ್ಟು ಹೋದರೆ ವೈದ್ಯ ಬರಿಗೈ. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ಜನ ಹಳೆಯ ಉಗಿ ಎಂಜಿನ್ ಒಂದನ್ನು ಹುಡುಕಿ, ಬಕೆಟ್ಟಿನಲ್ಲಿ ನೀರು ಹೊತ್ತು ಬಾಯ್ಲರ್ ತುಂಬಿಸಿ, ಡಬ್ಬಿಗಳಿಗೆ ಸಾಮಾನು ಹೇರಿ, ಸೇತುವೆ ಸ್ಫೋಟಿಸುವ ಮುನ್ನ ತಾವೇ ರೈಲು ಓಡಿಸಿಕೊಂಡು ನದಿ ದಾಟಿದರು. ಮರು ಮಾರ್ಚ್‌ನಲ್ಲಿ ಅದೇ ರಂಗರಾಜ್ ಪುಟ್ಟ ತಂಡ ಕಟ್ಟಿಕೊಂಡು ಅಮೆರಿಕದ ಪ್ಯಾರಾಚೂಟ್ ಪಡೆಯ ಜೊತೆ ಮುನ್ಸಾನ್‌ನಲ್ಲಿ ಧುಮುಕಿದರು. ಮಹಾವೀರ ಚಕ್ರ ಬಂತು. ಬಕೆಟ್ಟಿನಲ್ಲಿ ನೀರು ಹೊತ್ತ ಆ ಗಳಿಗೆಗಿಂತ ಒಳ್ಳೆಯ ಅಧ್ಯಾಯ ಯಾವ ಸೇನಾನಿಯ ಚರಿತ್ರೆಯಲ್ಲಿದೆ?

ಈ ತುಕಡಿಗೂ ಕೊಡಗಿಗೂ ನಂಟಿದೆ. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಲೇವಾರಿಗೆ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ತಿಮ್ಮಯ್ಯನವರೇ. ತಾಯ್ನಾಡಿಗೆ ಮರಳಲು ಒಲ್ಲೆವೆಂದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು ಭಾರತೀಯ ಪಡೆಯ ವಶದಲ್ಲಿದ್ದ ಆ ತಿಂಗಳುಗಳಲ್ಲಿ 60ನೇ ಫೀಲ್ಡ್ ಆಂಬ್ಯುಲೆನ್ಸ್ ಕೂಡ ಅಲ್ಲೇ ದುಡಿಯುತ್ತಿತ್ತು. ತಿಮ್ಮಯ್ಯನವರ ಮಧ್ಯಸ್ಥಿಕೆಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಬೇಕು. ಅದೇ ಬೇಲಿಯೊಳಗೆ ಜ್ವರ ನೋಡಿದವರು, ಗಾಯ ತೊಳೆದವರು ನಮ್ಮ ಭಾಷಣಗಳಲ್ಲಿ ಬರುವುದೇ ಅಪರೂಪ.

ಈಚೆಗೆ ಕನ್ನಡದಲ್ಲಿ ಒಂದು ಬದಲಾವಣೆ ಕಾಣುತ್ತಿದೆ. ಕೊಡಗಿನವರೇ ಆದ, ಸೇನೆಯಲ್ಲಿ ವೈದ್ಯರಾಗಿದ್ದ ಮೇಜರ್ ಡಾ. ಕುಶ್ವಂತ್ ಕೋಳಿಬೈಲು ‘ಕೂರ್ಗ್ ರೆಜಿಮೆಂಟ್’ ಎಂಬ ಕಥಾ ಸಂಕಲನ ತಂದಿದ್ದಾರೆ. ಹೆಸರಿನಲ್ಲೂ ರೆಜಿಮೆಂಟೇ, ಆಸ್ಪತ್ರೆಯಲ್ಲ ಎಂದು ಕಾಲೆಳೆಯಬಹುದು. ಆದರೆ ಆತ್ಮಕಥೆಯ ಬದಲು ಕಥೆಯನ್ನು ಆರಿಸಿಕೊಂಡದ್ದು ಜಾಣತನವೆಂದೇ ನನ್ನ ಎಣಿಕೆ. ರೋಗಿಯ ಗುಟ್ಟು ಕಾಯಬೇಕಾದ ವೈದ್ಯ ಹೆಸರು, ಊರು, ಯೂನಿಟ್ ಹಾಕಿ ನಿಜ ಬರೆಯುವಂತಿಲ್ಲ. ಬರೆದರೆ ಮಾತು ತಪ್ಪುತ್ತಾನೆ, ಬರೆಯದಿದ್ದರೆ ಪುಸ್ತಕ ಸಪ್ಪೆ. ಕಥೆಯಲ್ಲಾದರೆ ಗಾಯವನ್ನು ಉಳಿಸಿಕೊಂಡು ಗಾಯಾಳುವಿನ ಹೆಸರು ಬದಲಿಸಬಹುದು.

ಜೀವನಚರಿತ್ರೆ ಬರೆಯಹೊರಟವರಿಗೂ ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ. ಪೊನ್ನಂಪೇಟೆಯಲ್ಲಿ 1927ರಿಂದ ಇರುವ ರಾಮಕೃಷ್ಣ ಶಾರದಾಶ್ರಮದ ಆಸ್ಪತ್ರೆಯ ಸುತ್ತಮುತ್ತ, ಊರಿನ ಸಣ್ಣ ಕ್ಲಿನಿಕ್ಕುಗಳಲ್ಲಿ, ‘ಮಿಲಿಟರಿ ಡಾಕ್ಟ್ರು’ ಎಂದರೆ ಜನಕ್ಕೆ ಒಂದು ಚಿತ್ರ ಬರುತ್ತದೆ: ಗದರುವ ದನಿ, ಕಡಿಮೆ ಮಾತ್ರೆ, ಗಂಟೆ ಹೊಡೆದಂತೆ ಸಮಯ. ಆ ಶಿಸ್ತು ಎಲ್ಲಿಂದ ಬಂತು ಎಂದು ಕೇಳಿದವರಿಲ್ಲ. ಯಾವ ಸೆಕ್ಟರ್‌ನಲ್ಲಿದ್ದಿರಿ, ಯಾವ ಪದಕ ಬಂತು ಎನ್ನುವುದನ್ನು ದಾಖಲೆಯೇ ಹೇಳುತ್ತದೆ. ರಕ್ತ ಮುಗಿದಾಗ ಯಾರ ತೋಳಿಗೆ ಸೂಜಿ ಚುಚ್ಚಿದಿರಿ, ಸ್ಟ್ರೆಚರ್ ಹೊತ್ತು ಬಂದ ಹುಡುಗರ ಹೆಸರು ನೆನಪಿದೆಯೇ, ಮೊದಲು ಯಾರನ್ನು ಹಿಂದಕ್ಕೆ ಕಳಿಸಿದಿರಿ, ಉಳಿಯುವುದಿಲ್ಲವೆಂದು ಪಕ್ಕಕ್ಕೆ ಮಲಗಿಸಿದವನಿಗೆ ಏನು ಹೇಳಿದಿರಿ ಎಂದು ಕೇಳಬೇಕು. ಮನೆಯವರು ಇದೆಲ್ಲ ಯಾಕೆ ಎನ್ನಬಹುದು. ಕೆಲವು ವೈದ್ಯರೇ ಎದ್ದು ಒಳಗೆ ಹೋಗಬಹುದು. ಹಾಗೆ ಎದ್ದು ಹೋದದ್ದನ್ನೂ ಚರಿತ್ರಕಾರ ಬರೆದುಕೊಳ್ಳಲಿ. ಪೋಸ್ಟಿಂಗ್ ಪಟ್ಟಿಗಿಂತ ಅದು ಹೆಚ್ಚು ಹೇಳುತ್ತದೆ.