ಮದನಿಕೆಯ ಮುಂದೆ ನಿಂತ ಕವಿ

ಬೇಲೂರಿನ ಚೆನ್ನಕೇಶವ ಗುಡಿಯ ಸೂರಿನಡಿ ನಿಂತರೆ ಕತ್ತು ನೋಯುತ್ತದೆ, ಕಲ್ಲಿನ ಹೆಣ್ಣುಗಳಾದ ಮದನಿಕೆಯರು ಅಷ್ಟೆತ್ತರದಲ್ಲಿದ್ದಾರೆ. ಗುಡಿ ಪ್ರತಿಷ್ಠೆಯಾದದ್ದು 1117ರಲ್ಲಿ. ಎಂಟು ಶತಮಾನ ಕಳೆದ ಮೇಲೆ ಡಿ.ವಿ. ಗುಂಡಪ್ಪನವರು ಈ ಮದನಿಕೆಯರ ಮೇಲೆ ಕಟ್ಟಿದ ಹಾಡುಗಳೇ ‘ಅಂತಃಪುರ ಗೀತೆ’. ಅದರಲ್ಲಿ ನನಗೆ ಹಿಡಿಸುವುದು ಕವಿಯ ತಾಳ್ಮೆ. ಕನ್ನಡಿ ಹಿಡಿದವಳನ್ನು ನೋಡಿ ‘ಎಷ್ಟು ಚೆಂದ’ ಎಂದು ಮುಂದೆ ಸಾಗುವವರು ನಾವು. ಅವರ ಹಾಡು ಮಾತ್ರ, ಇವಳ ಸಿಂಗಾರ ಯಾರಿಗಾಗಿ ಎಂಬಲ್ಲಿ ನಿಂತುಬಿಡುತ್ತದೆ. ಚೆನ್ನಿಗನಿಗಾಗಿ, ಗುಡಿಯೊಳಗಿನ ಚೆನ್ನಕೇಶವನಿಗಾಗಿ! ಆ ಒಂದು ಹೊಳಹಿಗೆ ಕಲ್ಲಿನ ಹೆಣ್ಣುಗಳೆಲ್ಲ ದೇವರ ಅಂತಃಪುರದವರಾದರು, ಹಾಡಿಗೆ ರಾಗ-ತಾಳವೂ ಕೂಡಿಬಂತು. ಪತ್ರಿಕೆ, ರಾಜಕೀಯ ಎಂಬ ಗದ್ದಲದ ನಡುವೆ ಬದುಕಿದ ಮನುಷ್ಯ ಇಷ್ಟು ಮೆಲುದನಿಯನ್ನು ಎಲ್ಲಿ ಬಚ್ಚಿಟ್ಟಿದ್ದರೋ! ಹಳೇಬೀಡಿನ ಬಸ್ಸಿಗೆ ಅವಸರಪಡುವವರೇ, ಒಬ್ಬಳೇ ಒಬ್ಬಳು ಮದನಿಕೆಯ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಿ.